ಒಬ್ಬ ಅಪ್ಪ, ಒಂದು ಸಮಾಧಿ, ಎರಡು ಬಾಗಿಲು

2023ರ ಅಕ್ಟೋಬರ್ ತಿಂಗಳು. ಇಸ್ರೇಲಿನ ಮೇಲೆ ಹಮಾಸ್ ದಾಳಿ, ಆಮೇಲೆ ಗಾಜಾದ ಮೇಲೆ ಇಸ್ರೇಲಿನ ಬಾಂಬು. ಬೆಳಗ್ಗೆಯಿಂದ ರಾತ್ರಿವರೆಗೆ ಸ್ಕ್ರೀನ್ ತುಂಬ ಅದೇ. ರಾತ್ರಿಯ ಕಾರ್ಯಕ್ರಮದಲ್ಲಿ ನಾನು ಬಹಳ ಗಂಭೀರವಾಗಿ ಒಂದು ಮಾತು ಹೇಳಿದೆ. 'ಇದು ಇವತ್ತಿನ ಜಗಳ ಅಲ್ಲ ವೀಕ್ಷಕರೇ, ಸಾವಿರಾರು ವರ್ಷಗಳ ಧರ್ಮದ್ವೇಷ!' ಹಿಂದೆ ಮ್ಯೂಸಿಕ್ಕು, ಪಕ್ಕದಲ್ಲಿ ಬೆಂಕಿಯ ಗ್ರಾಫಿಕ್ಸು. ಮಾತು ಚೆನ್ನಾಗಿ ಕೂತಿತು ಅಂತ ನನಗೇ ಖುಷಿ.

ಮೈಕ್ ಬಿಚ್ಚಿಟ್ಟು ಹೊರಗೆ ಬಂದರೆ ನಮ್ಮ ಎಡಿಟಿಂಗ್ ರೂಮಿನ ಹಿರಿಯರೊಬ್ಬರು ಟೀ ಕುಡೀತಾ ನಿಂತಿದ್ದರು. 'ಅಲ್ಲ ಸಾರ್, ಬಕ್ರೀದ್ ಸ್ಟೋರಿ ಮಾಡಿದಾಗ ನೀವೇ ಹೇಳಿದ್ರಿ, ಇಬ್ರಾಹಿಂ ಅಂದ್ರೂ ಅಬ್ರಹಾಂ ಅಂದ್ರೂ ಒಬ್ನೇ ಅಂತ. ಅಪ್ಪ ಒಬ್ನೇ ಆದ್ಮೇಲೆ ಮಕ್ಕಳ ಜಗಳ ಶುರುವಾಗಿದ್ದು ಯಾವಾಗ? ಡೇಟ್ ಹೇಳಿ ನೋಡೋಣ' ಅಂದರು.

ನನ್ನ ಹತ್ತಿರ ಡೇಟ್ ಇರಲಿಲ್ಲ. ನಾಚಿಕೆಯಾಯಿತು. ನಾನು ಓದಿದ್ದು ಇಂಜಿನಿಯರಿಂಗು. ಒಂದು ಮೆಷಿನ್ ಕೆಟ್ಟರೆ ನಾವು ಮೊದಲು ಕೇಳೋ ಪ್ರಶ್ನೆಯೇ ಅದು. ಯಾವಾಗಿಂದ ಕೆಟ್ಟಿದೆ? ಅದಕ್ಕೂ ಮುಂಚೆ ಸರಿಯಾಗಿ ಓಡ್ತಿತ್ತಾ? 'ಮೊದಲಿಂದಲೂ ಹೀಗೇ ಸಾರ್' ಅಂತ ಹೇಳುವ ಆಪರೇಟರನ್ನು ಯಾರೂ ನಂಬುವುದಿಲ್ಲ. ಅವತ್ತು ಆ ಆಪರೇಟರ್ ನಾನೇ ಆಗಿದ್ದೆ. ಅದಾದ ಮೇಲೆ ಕೂತು ಓದಿದೆ. ಓದಿದ್ದನ್ನು ಇಲ್ಲಿ ಹೇಳ್ತಿದ್ದೀನಿ.

ಮೊದಲು ಆ ಅಪ್ಪನ ವಿಷಯ. ಬೈಬಲಿನ ಆದಿಕಾಂಡದ ಪ್ರಕಾರ ಅಬ್ರಹಾಮ ಊರ್ ಎಂಬ ಪಟ್ಟಣದಿಂದ ಹೊರಟವನು. ಅದು ಇವತ್ತಿನ ಇರಾಕ್‌ನ ದಕ್ಷಿಣ ಭಾಗದಲ್ಲಿತ್ತು ಅನ್ನುವುದು ರೂಢಿಯ ನಂಬಿಕೆ. ದೇವರ ಮಾತು ಕೇಳಿ ಕಾನಾನ್ ದೇಶಕ್ಕೆ, ಅಂದರೆ ಇವತ್ತಿನ ಇಸ್ರೇಲ್-ಪ್ಯಾಲೆಸ್ತೀನ್ ನೆಲಕ್ಕೆ ಬಂದ. ಹೆಂಡತಿ ಸಾರಾಗೆ ಬಹಳ ಕಾಲ ಮಕ್ಕಳಿಲ್ಲ. ದಾಸಿ ಹಾಗರಳಲ್ಲಿ ಹುಟ್ಟಿದ ಮಗ ಇಷ್ಮಾಯೇಲ. ಆಮೇಲೆ ಮುಪ್ಪಿನಲ್ಲಿ ಸಾರಾಗೇ ಹುಟ್ಟಿದವನು ಇಸಾಕ. ಯೆಹೂದ್ಯರು ತಮ್ಮ ಮೂಲವನ್ನು ಇಸಾಕನಲ್ಲಿ ಕಾಣುತ್ತಾರೆ. ಅರಬರು ಇಷ್ಮಾಯೇಲನಲ್ಲಿ ಕಾಣುತ್ತಾರೆ. ಅಬ್ರಹಾಮನ ಹೆಸರು ಕೆತ್ತಿದ, ಅವನ ಕಾಲದ ಶಾಸನ ಯಾವುದೂ ಸಿಕ್ಕಿಲ್ಲ. ಇದು ಪರಂಪರೆಯ ಕಥೆ. ಆದರೆ ಈ ಕಥೆಯ ಮೇಲೆ ನಿಂತಿರುವ ಮೂರು ಧರ್ಮಗಳಿವೆಯಲ್ಲ, ಅವುಗಳಿಗೆ ಇತಿಹಾಸ ಇದೆ, ತಾರೀಖಿದೆ.

ಇಸ್ರೇಲ್ ಅನ್ನೋ ಜನರ ಹೆಸರು ಬೈಬಲ್ ಬಿಟ್ಟು ಹೊರಗೆ ಮೊದಲು ಕಾಣಿಸುವುದು ಈಜಿಪ್ಟಿನ ಒಂದು ಕಲ್ಲಿನ ಮೇಲೆ. ಮೆರ್ನೆಪ್ಟಾ ಎಂಬ ಫೇರೋ ಸುಮಾರು ಕ್ರಿ.ಪೂ. 1208ರಲ್ಲಿ ತನ್ನ ವಿಜಯಗಳನ್ನು ಬರೆಸಿದ ಕಲ್ಲು ಅದು, 1896ರಲ್ಲಿ ಸಿಕ್ಕಿತು. ದಾವೀದನ ಮನೆತನದ ಹೆಸರಿರುವ ಕಲ್ಲು ಉತ್ತರ ಇಸ್ರೇಲಿನ ತೆಲ್ ದಾನ್‌ನಲ್ಲಿ 1993ರಲ್ಲಿ ಸಿಕ್ಕಿತು. ಅದು ಕ್ರಿ.ಪೂ. 9ನೇ ಶತಮಾನದ್ದು. ಅಂದರೆ ಈ ಜನ, ಈ ರಾಜವಂಶ ಕಟ್ಟುಕಥೆ ಅಲ್ಲ.

ಈ ಜನರ ಧರ್ಮದ ತಿರುಳೇನು? ದೇವರು ಒಬ್ಬನೇ. ಆತ ಈ ಜನರ ಜೊತೆ ಒಂದು ಒಡಂಬಡಿಕೆ ಮಾಡಿಕೊಂಡಿದ್ದಾನೆ. ಅದರ ನಿಯಮಗಳನ್ನು ಮೋಶೆಯ ಮೂಲಕ ಕೊಟ್ಟಿದ್ದಾನೆ. ಅದೇ ತೋರಾ. ಪರಂಪರೆಯ ಲೆಕ್ಕದಲ್ಲಿ ಅದರಲ್ಲಿ 613 ಆಜ್ಞೆಗಳಿವೆ. ಇಲ್ಲಿ 'ಏನನ್ನು ನಂಬ್ತೀಯ' ಅನ್ನೋದಕ್ಕಿಂತ 'ಹೇಗೆ ಬದುಕ್ತೀಯ' ಅನ್ನೋದು ದೊಡ್ಡ ಪ್ರಶ್ನೆ. ಸಬ್ಬತ್ ದಿನ ಕೆಲಸ ಬಿಡಬೇಕು. ಏನು ತಿನ್ನಬೇಕು, ಏನು ತಿನ್ನಬಾರದು ಅನ್ನೋದಕ್ಕೂ ಕಟ್ಟುಪಾಡಿದೆ.

ಕ್ರಿ.ಪೂ. 586ರ ಹೊತ್ತಿಗೆ ಬ್ಯಾಬಿಲೋನಿನ ನೆಬುಕಡ್ನೆಜರ್ ಜೆರುಸಲೇಮಿನ ದೇವಾಲಯವನ್ನು ಸುಟ್ಟ. ಎರಡನೇ ದೇವಾಲಯ ಕಟ್ಟಿದರು. ಅದನ್ನು ಕ್ರಿ.ಶ. 70ರಲ್ಲಿ ರೋಮನ್ ಸೇನಾನಿ ಟೈಟಸ್ ನೆಲಸಮ ಮಾಡಿದ. ದೇವಾಲಯದಿಂದ ದೋಚಿದ ದೀಪಸ್ತಂಭವನ್ನು ಸೈನಿಕರು ಹೊತ್ತೊಯ್ಯುವ ಕೆತ್ತನೆ ರೋಮ್ ನಗರದ ಟೈಟಸ್ ಕಮಾನಿನಲ್ಲಿ ಇವತ್ತಿಗೂ ಇದೆ. ಗುಡಿ ಹೋಯಿತು, ಬಲಿಪೀಠ ಹೋಯಿತು. ಆದರೂ ಧರ್ಮ ಉಳೀತು. ಹೇಗೆ? ಅದು ಗುಡಿಯಿಂದ ಪುಸ್ತಕಕ್ಕೆ ಬಂತು, ಅರ್ಚಕರಿಂದ ಪಾಠ ಹೇಳುವ ರಬ್ಬಿಗಳ ಕೈಗೆ ಬಂತು.

ಟೈಟಸ್ ಬರುವುದಕ್ಕೆ ಸುಮಾರು ನಾಲ್ಕು ದಶಕಗಳ ಮುಂಚೆ ಅದೇ ಊರಲ್ಲಿ, ಪೊಂತಿಯ ಪಿಲಾತ ಎಂಬ ರೋಮನ್ ಅಧಿಕಾರಿಯ ಆಜ್ಞೆಯಂತೆ ಒಬ್ಬ ಯೆಹೂದ್ಯ ಬೋಧಕನನ್ನು ಶಿಲುಬೆಗೆ ಏರಿಸಿದ್ದರು. ಯೇಸು. ಅಮ್ಮ ಯೆಹೂದ್ಯಳು, ಮೊದಲ ಶಿಷ್ಯರು ಯೆಹೂದ್ಯರು, ಆತ ಓದಿದ ಶಾಸ್ತ್ರವೂ ಯೆಹೂದ್ಯರದ್ದೇ. ಆತ ಮೂರನೇ ದಿನ ಎದ್ದುಬಂದ, ಯೆಹೂದ್ಯರು ಕಾಯುತ್ತಿದ್ದ ಮೆಸ್ಸೀಯ ಆತನೇ, ದೇವರ ಮಗ ಆತನೇ, ಮನುಷ್ಯರ ಪಾಪಕ್ಕಾಗಿ ಪ್ರಾಣ ಕೊಟ್ಟ ಅಂತ ಶಿಷ್ಯರು ಸಾರಿದರು. ಇದೇ ಕ್ರೈಸ್ತ ನಂಬಿಕೆಯ ತಿರುಳು. ಆಗ ಒಂದು ಪ್ರಶ್ನೆ ಎದ್ದಿತು. ಯೆಹೂದ್ಯನಲ್ಲದವನು ಯೇಸುವನ್ನು ನಂಬಿದರೆ ಅವನಿಗೆ ಸುನ್ನತಿ ಆಗಲೇಬೇಕಾ? ಪೌಲ ಬೇಡ ಅಂದ. ಅವನ ವಾದ ನೋಡಿ, ಅಲ್ಲೂ ಸಾಕ್ಷಿ ಅಬ್ರಹಾಮನೇ. ಅಬ್ರಹಾಮನನ್ನು ದೇವರು ಒಪ್ಪಿಕೊಂಡಿದ್ದು ಅವನ ನಂಬಿಕೆಗಾಗಿ, ಸುನ್ನತಿ ಆಗಿದ್ದು ಆಮೇಲೆ. ಹಾಗಾದರೆ ನಂಬಿದವರೆಲ್ಲ ಅಬ್ರಹಾಮನ ಮಕ್ಕಳೇ! ಒಂದು ಜನಾಂಗದ ಮನೆಯ ಬಾಗಿಲು ಇಡೀ ಜಗತ್ತಿಗೆ ತೆರೆದಿದ್ದು ಹೀಗೆ.

ಇನ್ನು ಮೂರನೆಯದು. ಕ್ರಿ.ಶ. 570ರ ಸುಮಾರಿಗೆ ಮೆಕ್ಕಾದಲ್ಲಿ ಮುಹಮ್ಮದರ ಜನನ. 610ರಿಂದ ಅವರಿಗೆ ದೇವವಾಣಿ ಬರತೊಡಗಿತು ಅನ್ನುವುದು ಮುಸ್ಲಿಮರ ನಂಬಿಕೆ. 622ರಲ್ಲಿ ಮದೀನಾಗೆ ವಲಸೆ, 630ರಲ್ಲಿ ಮೆಕ್ಕಾ ಕೈಗೆ, 632ರಲ್ಲಿ ನಿಧನ. ದೇವರು ಒಬ್ಬನೇ, ಆತನಿಗೆ ಸಮಾನರಿಲ್ಲ, ಮಗನೂ ಇಲ್ಲ, ಮುಹಮ್ಮದರು ಕೊನೆಯ ಪ್ರವಾದಿ. ಈ ಸಾಕ್ಷ್ಯದ ಜೊತೆಗೆ ನಮಾಜು, ಝಕಾತ್, ರಂಜಾನ್ ಉಪವಾಸ, ಹಜ್. ಇವು ಐದು ಕಂಬಗಳು. ಇದು ಹೊಸ ಧರ್ಮ ಅಂತ ಇಸ್ಲಾಂ ಹೇಳಿಕೊಳ್ಳುವುದೇ ಇಲ್ಲ. ಅಬ್ರಹಾಮನದೇ ಮೂಲ ಧರ್ಮ, ಅದಕ್ಕೆ ವಾಪಸ್ ಬರ್ತಿದ್ದೀವಿ ಅನ್ನುತ್ತದೆ. ಮೋಶೆ ಅಲ್ಲಿ ಮೂಸಾ, ಯೇಸು ಅಲ್ಲಿ ಈಸಾ, ಇಬ್ಬರೂ ಪ್ರವಾದಿಗಳು. ಯೇಸುವಿನ ತಾಯಿಯ ಹೆಸರಲ್ಲೇ ಕುರ್‌ಆನ್‌ನಲ್ಲಿ ಒಂದು ಅಧ್ಯಾಯ ಇದೆ, ಮರ್ಯಮ್. ನೀರಿಗಾಗಿ ಹಾಗರಳು ಓಡಾಡಿದ ಓಟವನ್ನು ಹಜ್‌ಗೆ ಹೋದವರು ಇವತ್ತಿಗೂ ಓಡುತ್ತಾರೆ. ಮೊದಮೊದಲು ಮುಸ್ಲಿಮರು ನಮಾಜಿಗೆ ಮುಖ ಮಾಡುತ್ತಿದ್ದದ್ದು ಜೆರುಸಲೇಮಿನ ಕಡೆಗೆ. ಮದೀನಾಗೆ ಬಂದು ಒಂದೂವರೆ ವರ್ಷದ ಆಸುಪಾಸಿನಲ್ಲಿ ಅದು ಮೆಕ್ಕಾದ ಕಡೆಗೆ ತಿರುಗಿತು.

ಮೊದಲು ನಾನು ಇದನ್ನು ನಮ್ಮ ಇಂಜಿನಿಯರಿಂಗ್ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ. ಒಂದೇ ಸೋರ್ಸ್ ಕೋಡು, ಮೂರು ವರ್ಷನ್ನು! ಆಮೇಲೆ ಗೊತ್ತಾಯಿತು, ಈ ಹೋಲಿಕೆ ನಿಲ್ಲೋದಿಲ್ಲ. ಯಾಕಂದ್ರೆ ಮೂವರಲ್ಲಿ ಒಬ್ಬರೂ ತಮ್ಮದು ವರ್ಷನ್ನು ಅಂತ ಒಪ್ಪೋದಿಲ್ಲ. ಮೂವರೂ ತಮ್ಮದೇ ಒರಿಜಿನಲ್ ಅನ್ನುತ್ತಾರೆ.

ನಮಗೆಲ್ಲ ಗೊತ್ತಿರುವ ಬಕ್ರೀದ್ ಕಥೆಯನ್ನೇ ತೊಗೊಳ್ಳಿ. ಮಗನನ್ನು ಬಲಿ ಕೊಡು ಅನ್ನುತ್ತಾನೆ ದೇವರು. ಅಪ್ಪ ಸಿದ್ಧನಾಗುತ್ತಾನೆ. ಕೊನೇ ಗಳಿಗೆಯಲ್ಲಿ ದೇವರೇ ತಡೆಯುತ್ತಾನೆ. ಯೆಹೂದ್ಯರಿಗೆ ಆ ಮಗ ಇಸಾಕ. ಅವರ ಹೊಸ ವರ್ಷದ ಹಬ್ಬದಲ್ಲಿ ಈ ಕಥೆಯನ್ನು ಓದುತ್ತಾರೆ, ಟಗರಿನ ಕೊಂಬು ಊದುತ್ತಾರೆ. ಕ್ರೈಸ್ತರೂ ಇಸಾಕನೇ ಅನ್ನುತ್ತಾರೆ, ಆದರೆ ಅವರಿಗೆ ಇದು ಮುಂದೆ ಆಗಲಿರುವುದರ ಸೂಚನೆ. ಅಬ್ರಹಾಮನ ಮಗ ಉಳಿದ, ದೇವರು ಮಾತ್ರ ತನ್ನ ಮಗನನ್ನು ಉಳಿಸಿಕೊಳ್ಳಲಿಲ್ಲ. ಕುರ್‌ಆನ್ ಆ ಮಗನ ಹೆಸರು ಹೇಳುವುದಿಲ್ಲ. ಇಸ್ಮಾಯಿಲ್ ಅನ್ನುವುದು ಬಹುಪಾಲು ಮುಸ್ಲಿಮರ ನಂಬಿಕೆ. ಅವರ ಪ್ರಕಾರ ಇಲ್ಲಿ ದೊಡ್ಡದು ದೇವರಿಗೆ ಪೂರ್ತಿ ಶರಣಾಗುವುದು. ಇಸ್ಲಾಂ ಅನ್ನೋ ಪದದ ಅರ್ಥವೇ ಶರಣಾಗತಿ. ಕಥೆ ಒಂದೇ. ಒಬ್ಬರಿಗೆ ಅದು ಒಡಂಬಡಿಕೆ, ಒಬ್ಬರಿಗೆ ತ್ಯಾಗ, ಇನ್ನೊಬ್ಬರಿಗೆ ಶರಣಾಗತಿ.

ಹಾಗಾದರೆ ಜಗಳದ ಡೇಟ್? ಒಂದಲ್ಲ, ಬೇಕಾದಷ್ಟಿವೆ. ಒಂದೊಂದಕ್ಕೂ ಬೇರೆ ಬೇರೆ ಹೊಣೆಗಾರರಿದ್ದಾರೆ. 135ರಲ್ಲಿ ದಂಗೆ ಅಡಗಿಸಿ ಯೆಹೂದ್ಯರನ್ನು ಜೆರುಸಲೇಮಿನಿಂದ ಹೊರಗಟ್ಟಿದವರು ರೋಮನ್ನರು. ಆಗಿನ್ನೂ ರೋಮ್ ಕ್ರೈಸ್ತ ರಾಜ್ಯವೇ ಆಗಿರಲಿಲ್ಲ. ಮದೀನಾದಲ್ಲಿ ಮುಹಮ್ಮದರಿಗೂ ಯೆಹೂದ್ಯ ಬುಡಕಟ್ಟುಗಳಿಗೂ ಮೊದಲು ಒಪ್ಪಂದ ಆಗಿತ್ತು. ಆಮೇಲೆ ಅದು ಮುರಿದು ರಕ್ತ ಹರಿಯಿತು. ಆದರೆ 638ರ ಸುಮಾರಿಗೆ ಖಲೀಫ ಉಮರ್ ಕಾಲದಲ್ಲಿ ಜೆರುಸಲೇಂ ಮುಸ್ಲಿಮರ ಕೈಗೆ ಬಂದ ಮೇಲೆ, ಶತಮಾನಗಳಿಂದ ಹೊರಗಿದ್ದ ಯೆಹೂದ್ಯರು ಅಲ್ಲಿ ಮತ್ತೆ ನೆಲೆಸಿದರು. 1099ರಲ್ಲಿ ಕ್ರೂಸೇಡ್ ಸೈನಿಕರು ನುಗ್ಗಿದಾಗ ಆ ಊರಲ್ಲಿ ಮುಸ್ಲಿಮರೂ ಸತ್ತರು, ಯೆಹೂದ್ಯರೂ ಸತ್ತರು. 1492ರಲ್ಲಿ ಕ್ರೈಸ್ತ ಸ್ಪೇನ್ ಯೆಹೂದ್ಯರನ್ನು ಓಡಿಸಿದಾಗ ಬಾಗಿಲು ತೆರೆದವನು ಆಟೋಮನ್ ಸುಲ್ತಾನ ಎರಡನೇ ಬಯಾಜಿದ್.

ಹಾಗಂತ ಮುಸ್ಲಿಂ ರಾಜ್ಯಗಳಲ್ಲಿ ಎಲ್ಲ ಚೆನ್ನಾಗಿತ್ತು ಅಂತಲ್ಲ. ಜೆಜಿಯಾ ತೆರಿಗೆ ಇತ್ತು, ಎರಡನೇ ದರ್ಜೆಯ ಬದುಕಿತ್ತು. ಯೆಹೂದ್ಯರ ಮಹಾಪಂಡಿತ ಮೈಮೊನಿಡೀಸ್ ಕುಟುಂಬ ಸ್ಪೇನಿನ ಕಾರ್ಡೋಬಾ ಬಿಟ್ಟು ಓಡಿದ್ದು ಮುಸ್ಲಿಂ ದೊರೆಗಳ ಕಿರುಕುಳಕ್ಕೆ. ಅದೇ ಮೈಮೊನಿಡೀಸ್ ಆಮೇಲೆ ಕೈರೋದಲ್ಲಿ ಸಲಾದಿನ್ ಆಸ್ಥಾನದ ವೈದ್ಯರಾದರು. ಇದನ್ನು 'ಸಾವಿರಾರು ವರ್ಷಗಳ ದ್ವೇಷ' ಅನ್ನೋ ಒಂದು ಸಾಲಿನಲ್ಲಿ ತುಂಬೋಕೆ ಆಗುತ್ತಾ? ಆದರೆ ನಾನು ತುಂಬಿದ್ದೆ.

ಕೊನೆಗೆ ನಾನು ಬಂದು ನಿಂತಿದ್ದು ಅಬ್ರಹಾಮನ ಸಮಾಧಿಯ ಹತ್ತಿರ. ಜೆರುಸಲೇಮಿನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಹೆಬ್ರೋನ್. ಅರಬ್ಬಿಯಲ್ಲಿ ಆ ಊರಿನ ಹೆಸರು ಅಲ್-ಖಲೀಲ್, ಅಂದರೆ ಗೆಳೆಯ. ದೇವರ ಗೆಳೆಯ ಅಬ್ರಹಾಮನ ಊರು. ಸಾರಾ ಸತ್ತಾಗ ಅಬ್ರಹಾಮ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಇಲ್ಲಿನ ಗುಹೆಯನ್ನು ಕೊಂಡ ಅನ್ನುತ್ತದೆ ಆದಿಕಾಂಡ. ದೇವರು ಇಡೀ ದೇಶವನ್ನೇ ಕೊಡುತ್ತೇನೆ ಅಂದಿದ್ದ. ಆದರೆ ಅಲ್ಲಿ ಅವನು ದುಡ್ಡು ಕೊಟ್ಟು ಕೊಂಡಿದ್ದು ಹೆಂಡತಿಯನ್ನು ಮಣ್ಣು ಮಾಡೋದಕ್ಕೆ ಒಂದು ಜಾಗ.

ಗುಹೆಯ ಸುತ್ತ ಹೆರೋದ ರಾಜನ ಕಾಲದ ದಪ್ಪ ಕಲ್ಲಿನ ಗೋಡೆ ಎರಡು ಸಾವಿರ ವರ್ಷ ಆದರೂ ನಿಂತಿದೆ. ಅದರೊಳಗೆ ಚರ್ಚ್ ಆಯಿತು, ಮಸೀದಿ ಆಯಿತು, ಮತ್ತೆ ಚರ್ಚ್ ಆಯಿತು, ಮತ್ತೆ ಮಸೀದಿ ಆಯಿತು. 13ನೇ ಶತಮಾನದಲ್ಲಿ ಮಾಮ್ಲೂಕ್ ಸುಲ್ತಾನ ಬೈಬರ್ಸ್ ಯೆಹೂದ್ಯರು ಒಳಗೆ ಬರುವುದನ್ನು ನಿಷೇಧಿಸಿದ. ಹೊರಗಿನ ಮೆಟ್ಟಿಲುಗಳಲ್ಲಿ ಏಳನೆಯದರವರೆಗೆ ಮಾತ್ರ ಬರಬಹುದು ಅನ್ನುವುದೇ ಕಟ್ಟಳೆಯಾಯಿತು. ತಮ್ಮ ಮೂಲಪುರುಷನ ಸಮಾಧಿಯ ಹೊರಗೆ, ಮೆಟ್ಟಿಲ ಮೇಲೆ ನಿಂತು ತಲೆತಲಾಂತರ ಪ್ರಾರ್ಥಿಸಿದರು. 1967ರ ಯುದ್ಧದಲ್ಲಿ ಊರು ಇಸ್ರೇಲಿನ ಕೈಗೆ ಬಂದ ಮೇಲೆ ಆ ಕಟ್ಟಳೆ ಹೋಯಿತು.

ಅದಕ್ಕೂ ಮುಂಚೆ 1929ರ ಆಗಸ್ಟಿನಲ್ಲಿ ಇದೇ ಊರಲ್ಲಿ 67 ಯೆಹೂದ್ಯರನ್ನು ಕೊಂದರು. ಅವತ್ತು ನೆರೆಮನೆಯ ಯೆಹೂದ್ಯರನ್ನು ತಮ್ಮ ಮನೆಯೊಳಗೆ ಬಚ್ಚಿಟ್ಟು ಉಳಿಸಿದ ಅರಬ್ ಕುಟುಂಬಗಳೂ ಇದ್ದವು. 1994ರ ಫೆಬ್ರವರಿ 25, ರಂಜಾನ್ ತಿಂಗಳು, ಬೆಳಗಿನ ನಮಾಜು. ಬಗ್ಗಿ ಪ್ರಾರ್ಥಿಸುತ್ತಿದ್ದ ಮುಸ್ಲಿಮರ ಮೇಲೆ ಒಬ್ಬ ಯೆಹೂದ್ಯ ವಲಸಿಗ ಈ ಸಮಾಧಿಯ ಒಳಗೇ ಗುಂಡು ಹಾರಿಸಿದ. 29 ಜನ ಸತ್ತರು. ವೃತ್ತಿಯಲ್ಲಿ ಅವನು ಡಾಕ್ಟರು!

ಅದಾದ ಮೇಲೆ ಕಟ್ಟಡವನ್ನೇ ಎರಡು ಭಾಗ ಮಾಡಿದರು. ಯೆಹೂದ್ಯರಿಗೆ ಒಂದು ಬಾಗಿಲು, ಮುಸ್ಲಿಮರಿಗೆ ಇನ್ನೊಂದು ಬಾಗಿಲು. ವರ್ಷದಲ್ಲಿ ಹತ್ತು ದಿನ ಪೂರ್ತಿ ಕಟ್ಟಡ ಇವರಿಗೆ, ಹತ್ತು ದಿನ ಅವರಿಗೆ. ಅಬ್ರಹಾಮನ ಸಮಾಧಿ ಇರೋದು ನಡುವೆ. ಆ ಕಡೆಯ ಕಿಟಕಿಯ ಸರಳುಗಳಿಂದ ಅವರು ನೋಡ್ತಾರೆ, ಈ ಕಡೆಯ ಕಿಟಕಿಯಿಂದ ಇವರು ನೋಡ್ತಾರೆ. ಇಬ್ಬರಿಗೂ ಕಾಣೋದು ಅದೇ ಅಪ್ಪ.

'ಸಾವಿರಾರು ವರ್ಷಗಳ ಹಗೆ' ಅಂದುಬಿಟ್ಟರೆ ಏನಾಗುತ್ತೆ ಗೊತ್ತಾ? ಯಾರೂ ಜವಾಬ್ದಾರರಲ್ಲ ಅಂತಾಗುತ್ತೆ. ಬೈಬರ್ಸ್ ಹಾಕಿದ ನಿಷೇಧ, 1929ರ ಕತ್ತಿ, 1994ರ ಬಂದೂಕು, 2023ರ ಅಕ್ಟೋಬರಿನ ದಾಳಿ, ಆಮೇಲಿನ ಬಾಂಬು, ಎಲ್ಲವೂ ಮಳೆ-ಸಿಡಿಲಿನ ಹಾಗೆ ತಾನಾಗಿ ಆಗಿದ್ದು ಅಂತಾಗುತ್ತೆ. ಅಲ್ಲ. ಒಂದೊಂದನ್ನೂ ಯಾರೋ ಒಬ್ಬರು, ಒಂದು ದಿನ, ತೀರ್ಮಾನ ಮಾಡಿ ಮಾಡಿದ್ದಾರೆ. ಬೇಡ ಅಂತ ತೀರ್ಮಾನ ಮಾಡಿ ನೆರೆಯವನಿಗೆ ಬಾಗಿಲು ತೆಗೆದವರೂ ಇದ್ದಾರೆ.

ಆದಿಕಾಂಡದಲ್ಲಿ ಒಂದು ಚಿಕ್ಕ ವಿಷಯ ಇದೆ, ಬೇಗ ಓದಿದರೆ ಕಣ್ಣಿಗೇ ಬೀಳೋದಿಲ್ಲ. ಹಾಗರಳನ್ನೂ ಇಷ್ಮಾಯೇಲನನ್ನೂ ಮನೆಯಿಂದ ಕಳಿಸಿ ಎಷ್ಟೋ ವರ್ಷ ಆಗಿರುತ್ತೆ. ಅಬ್ರಹಾಮ ತೀರಿಕೊಳ್ಳುತ್ತಾನೆ. ಆಗ ಈ ಗುಹೆಯಲ್ಲಿ ಅಪ್ಪನನ್ನು ಮಣ್ಣು ಮಾಡಿದವರು ಇಬ್ಬರು, ಇಸಾಕ ಮತ್ತು ಇಷ್ಮಾಯೇಲ. ಅಣ್ಣ-ತಮ್ಮ ಇಬ್ಬರೂ ಒಟ್ಟಿಗೆ.

ಎಡಿಟಿಂಗ್ ರೂಮಿನ ಹಿರಿಯರಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದ್ರೆ ಅವತ್ತಿನ ಮಾತು ವಾಪಸ್ ತೊಗೋಬೇಕಲ್ಲ ಸಾರ್?' ಅಂದರು. ಟೀವಿಯಲ್ಲಿ ಹೋದ ಮಾತನ್ನು ಹಿಡಿದು ತರೋಕೆ ಆಗೋದಿಲ್ಲ. ಪುಸ್ತಕದಲ್ಲಿ ಆಗುತ್ತೆ. ಅದಕ್ಕೇ ಇಲ್ಲಿ ವಾಪಸ್ ತೊಗೊಳ್ತಿದ್ದೀನಿ.