ಸಯನ್ ಪರಿಸರ ಮತ್ತು ಅಂತರಜಾಲದ ದುಡಿಮೆ: 2000–2002ರ ಕುಸಿತದ ಹಿನ್ನೆಲೆಯಲ್ಲಿ

ಮುಂಬಯಿಯ ಸಯನ್ ಮೂಲತಃ ಒಂದು ಗಡಿಯ ಹೆಸರು. ಮರಾಠಿಯ ‘ಶೀವ್’ ಎಂಬ ಪದಕ್ಕೆ ಎಲ್ಲೆ ಎಂದೇ ಅರ್ಥ. ಮುಂಬಯಿ ದ್ವೀಪ ಮುಗಿದು ಸಾಷ್ಟಿ ದ್ವೀಪ ಆರಂಭವಾಗುತ್ತಿದ್ದ ಈ ತಾಣದಲ್ಲಿ ಹದಿನೇಳನೆಯ ಶತಮಾನದ ಇಂಗ್ಲಿಷರು ಕಾವಲಿಗೆಂದು ಕೋಟೆ ಕಟ್ಟಿದರು. ಮುಂದೆ ಸಯನ್, ಮಾಟುಂಗ, ಮಾಹಿಮ್‌ಗಳು ಕನ್ನಡಿಗರಿಗೂ ನೆಲೆಯಾದವು. ಸಯನ್‌ನ ಗೋಕುಲ, ಮಾಟುಂಗದ ಮೈಸೂರು ಅಸೋಸಿಯೇಶನ್, ಮಾಹಿಮ್‌ನ ಕರ್ನಾಟಕ ಸಂಘಗಳು ಇದಕ್ಕೆ ಸಾಕ್ಷಿ. ಹೋಟೆಲು, ಗಿರಣಿ, ಬ್ಯಾಂಕು, ರಾತ್ರಿಶಾಲೆಗಳ ಮೂಲಕ ಮುಂಬಯಿ ಕನ್ನಡಿಗರ ಇತಿಹಾಸವನ್ನು ನಿರೂಪಿಸುವುದು ವಾಡಿಕೆ. ಅಂತರಜಾಲದ ದುಡಿಮೆಯೂ ಅದರಲ್ಲಿ ಒಂದು ಅಧ್ಯಾಯವಾಗಬೇಕೆಂಬುದು ನಮ್ಮ ಅಭಿಪ್ರಾಯ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಅಂತರಜಾಲ ಸೇವೆಯನ್ನು ಸಾರ್ವಜನಿಕರಿಗೆ ತೆರೆಯಿತು. ಅದೇ ವರ್ಷ ಮುಂಬಯಿಯಲ್ಲಿ ರಾಜೇಶ್ ಜೈನ್ ಅವರ ಇಂಡಿಯಾವರ್ಲ್ಡ್, ಮರುವರ್ಷ ಅಜಿತ್ ಬಾಲಕೃಷ್ಣನ್ ಅವರ ರೀಡಿಫ್ ಹುಟ್ಟಿದವು. 1999ರ ನವೆಂಬರಿನಲ್ಲಿ ಸತ್ಯಂ ಇನ್ಫೋವೇ ಸಂಸ್ಥೆಯು ಇಂಡಿಯಾವರ್ಲ್ಡನ್ನು 499 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಪ್ರಕಟಿಸಿದಾಗ, ಜಾಲತಾಣವೊಂದಕ್ಕೆ ಇಷ್ಟು ಬೆಲೆಯೇ ಎಂದು ಉದ್ಯಮಲೋಕ ಬೆರಗಾಯಿತು. ಆದರೆ ಆ ಬೆರಗು ಬಹುಕಾಲ ಉಳಿಯಲಿಲ್ಲ. 2000ದ ಮಾರ್ಚ್ 10ರಂದು 5,048ಕ್ಕೆ ಏರಿದ್ದ ಅಮೆರಿಕದ ನ್ಯಾಸ್‌ಡಾಕ್ ಸೂಚ್ಯಂಕವು 2002ರ ಅಕ್ಟೋಬರ್ 9ರಂದು 1,114ಕ್ಕೆ ಇಳಿಯಿತು. ರೀಡಿಫ್ ಆ ಪೇಟೆಯನ್ನು ಪ್ರವೇಶಿಸಿದ್ದು 2000ದ ಜೂನ್‌ನಲ್ಲಿ, ಅಂದರೆ ಇಳಿತ ಆರಂಭವಾದ ಮೇಲೆ.

ಈ ಕುಸಿತವನ್ನು ಷೇರುಬೆಲೆಗಳ ಕಥೆಯಾಗಿ ಮಾತ್ರ ಹೇಳುವುದುಂಟು. ಅದು ದುಡಿಮೆಯ ಕಥೆಯೂ ಹೌದು. ಸುದ್ದಿಯನ್ನು ಅನುವಾದಿಸುವುದು, ಬೆರಳಚ್ಚು ಮಾಡುವುದು, ಅಕ್ಷರ ಒಡೆಯದಂತೆ ಪುಟ ಕಟ್ಟುವುದು ಅಲ್ಲಿನ ನಿತ್ಯದ ಕೆಲಸ. ಈ ಕೆಲಸದ ಸಂಬಳ ಬಹುಮಟ್ಟಿಗೆ ಬರುತ್ತಿದ್ದುದು ಓದುಗರಿಂದಲ್ಲ, ಹೂಡಿಕೆದಾರರಿಂದ. ಜಾಹೀರಾತಿನ ಆದಾಯ ಅಲ್ಪವಾಗಿತ್ತು. ಹೂಡಿಕೆ ನಿಂತೊಡನೆ ಅನೇಕ ತಾಣಗಳೂ ಅವುಗಳನ್ನು ನಂಬಿದ ಉದ್ಯೋಗಗಳೂ ನಿಂತವು.

ಇದಕ್ಕೆ ಭಿನ್ನವಾದ ಇನ್ನೊಂದು ದಾರಿ ಸಯನ್‌ನ ಮಗ್ಗುಲಲ್ಲೇ ಇತ್ತು. ಸಯನ್–ಟ್ರಾಂಬೆ ರಸ್ತೆ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದ ದಿಕ್ಕಿಗೆ ಸಾಗುತ್ತದೆ. ಆ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ ‘ವಿಶ್ವಕನ್ನಡ’ವು ಕನ್ನಡದ ಮೊದಲ ಜಾಲತಾಣವೆಂದು ಪ್ರಸಿದ್ಧವಾಗಿದೆ. ಅದು ಹೂಡಿಕೆಯ ಫಲವಲ್ಲ, ಭಾಷಾಪ್ರೀತಿಯ ಫಲ. ಪೇಟೆ ಬಿದ್ದಾಗ ಇಂಥ ಕೆಲಸಕ್ಕೆ ಬೀಳುವ ಕಾರಣವಿರಲಿಲ್ಲ. ಹಾಗೆಂದು ಸಂಬಳದ ದುಡಿಮೆಯನ್ನು ಕೀಳೆಂದು ಭಾವಿಸುವುದು ತಪ್ಪಾದೀತು. ದಿನನಿತ್ಯ ಕನ್ನಡ ಗದ್ಯವನ್ನು ತೆರೆಗೆ ಒಗ್ಗಿಸಿದವರಲ್ಲಿ ಸಂಬಳಕ್ಕೆ ದುಡಿದವರ ಪಾಲೂ ದೊಡ್ಡದು.

ಇಲ್ಲಿ ಗಮನಿಸಲೇಬೇಕಾದ ಸಂಗತಿಯೊಂದಿದೆ. ಆ ಕಾಲದ ಕನ್ನಡ ಪುಟಗಳು ಆಯಾ ಫಾಂಟಿನ ಸಂಕೇತಗಳಲ್ಲಿದ್ದವು. ಆ ಫಾಂಟ್ ಇಲ್ಲದಿದ್ದರೆ ಅವು ಅರ್ಥವಿಲ್ಲದ ಚಿಹ್ನೆಗಳ ಸಾಲು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಯುನಿಕೋಡ್ ಕನ್ನಡಕ್ಕೆ ಅನುವು ಮಾಡಿಕೊಟ್ಟಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಉದ್ಯಮದ ಕುಸಿತ ಮತ್ತು ಸಂಕೇತದ ಪಲ್ಲಟ ಹೀಗೆ ಒಂದೇ ಕಾಲಕ್ಕೆ ಸಂಭವಿಸಿದವು. ಬದುಕಿದ ತಾಣಗಳು ತಮ್ಮ ಬರಹವನ್ನು ಹೊಸ ಸಂಕೇತಕ್ಕೆ ತಂದುಕೊಳ್ಳಬಹುದಿತ್ತು; ಮುಚ್ಚಿದ ತಾಣಗಳಿಗೆ ಆ ಅವಕಾಶವೇ ಒದಗಲಿಲ್ಲ. ಹಸ್ತಪ್ರತಿಗಳೊಡನೆ ಒಡನಾಡುವವರಿಗೆ ಇದು ಪರಿಚಿತ ಸಂಕಟ. ಓಲೆ ಶಿಥಿಲವಾಗುವ ಮುನ್ನ ಪ್ರತಿ ಎತ್ತುವವನೊಬ್ಬ ದೊರೆತ ಕೃತಿ ಉಳಿಯಿತು, ದೊರೆಯದ್ದು ಅಳಿಯಿತು. ಅಳಿದವುಗಳೆಲ್ಲ ಸತ್ವಹೀನವಾಗಿದ್ದವೆಂದು ಹೇಳಲು ಆಧಾರವಿಲ್ಲ.

ಓಲೆಯ ಪ್ರತಿಕಾರನು ಕೊನೆಗೆ ತನ್ನ ಹೆಸರನ್ನೂ ತಿಥಿಯನ್ನೂ ಬರೆದು ಮುಗಿಸುವುದುಂಟು. ಜಾಲಪುಟ ಕಟ್ಟಿದ ಅನೇಕರಿಗೆ ಆ ಭಾಗ್ಯವೂ ಇಲ್ಲ. ಆದರೆ ಓಲೆಯ ವಿಷಯದಲ್ಲಿ ನಮಗಿಲ್ಲದ ಅನುಕೂಲವೊಂದು ಇಲ್ಲಿದೆ: ಅಂದು ದುಡಿದವರಲ್ಲಿ ಬಹುಮಂದಿ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ದಾಖಲಿಸುವುದು, ಹಳೆಯ ಕಂಪ್ಯೂಟರುಗಳಲ್ಲಿ ಉಳಿದಿರಬಹುದಾದ ಕಡತಗಳನ್ನೂ ಫಾಂಟುಗಳನ್ನೂ ಸಂಗ್ರಹಿಸುವುದು, ಅವನ್ನು ಯುನಿಕೋಡಿಗೆ ಪರಿವರ್ತಿಸುವುದು ಕನ್ನಡ ವಿಭಾಗಗಳ ಕರ್ತವ್ಯ. ಗ್ರಂಥಸಂಪಾದನೆಯ ಶಿಸ್ತನ್ನು ತಾಳೆಗರಿಗಷ್ಟೇ ಮೀಸಲಿಟ್ಟರೆ, ನಮ್ಮ ಕಣ್ಣೆದುರೇ ಕಳೆದುಹೋದ ಬರಹಕ್ಕೆ ನಾವೇ ಹೊಣೆಯಾಗುತ್ತೇವೆ.