ಬಜ್ಪೆ ಗುಡ್ಡದ ರನ್‌ವೇ

1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರಿದ್ದ ಡಕೋಟಾ ವಿಮಾನ ಬಜ್ಪೆಯಲ್ಲಿ ಇಳಿಯಿತು. ಮಂಗಳೂರಿನ ವಿಮಾನ ನಿಲ್ದಾಣ ಅಂದೇ ಆರಂಭವಾಯಿತು. ಗುಡ್ಡದ ನೆತ್ತಿಯನ್ನು ಮಟ್ಟ ಮಾಡಿ ಹಾಕಿದ ರನ್‌ವೇ ಅದು. ಉದ್ದ 1,615 ಮೀಟರ್, ಅದರಾಚೆ ಕಣಿವೆ.

ಹಾರಾಟದ ಮೊದಲ ದಶಕಗಳಲ್ಲಿ ಪೈಲಟ್‌ಗಳು ಉಪಕರಣಕ್ಕಿಂತ ತಮ್ಮ ಮೈಯನ್ನೇ ಹೆಚ್ಚು ನಂಬುತ್ತಿದ್ದರು. ವಿಮಾನ ವಾಲಿದರೂ ಜಾರಿದರೂ ಕೂತ ಸೀಟಿನಿಂದಲೇ ತಿಳಿಯುತ್ತಿತ್ತು. ಇಂಗ್ಲಿಷಿನ ‘ಫ್ಲೈಯಿಂಗ್ ಬೈ ದ ಸೀಟ್ ಆಫ್ ದ ಪ್ಯಾಂಟ್ಸ್’ ಎಂಬ ನುಡಿಗಟ್ಟು ಹುಟ್ಟಿದ್ದು ಹೀಗೆ. 1938ರಲ್ಲಿ ಅಮೆರಿಕದ ಪೈಲಟ್ ಡಗ್ಲಸ್ ಕಾರಿಗನ್ ಹಳೆಯ ವಿಮಾನವೊಂದರಲ್ಲಿ ಒಬ್ಬನೇ ನ್ಯೂಯಾರ್ಕಿನಿಂದ ಡಬ್ಲಿನ್‌ಗೆ ಹಾರಿದಾಗ ಪತ್ರಿಕೆಗಳು ಈ ಮಾತನ್ನು ಮೆರೆಸಿದವು. ಅಂದಾಜಿನ ಮೇಲೆ ಕೆಲಸ ಸಾಗಿಸುವವರನ್ನೆಲ್ಲ ಈಗ ಹಾಗೆನ್ನುತ್ತಾರೆ, ಹೆಚ್ಚಾಗಿ ಮೆಚ್ಚುಗೆಯಿಂದಲೇ.

ಬಜ್ಪೆಯಲ್ಲಿ ಅಂದಾಜು ನಡೆಯುವುದಿಲ್ಲ. ರನ್‌ವೇ ಮುಗಿದಲ್ಲೇ ನೆಲ ಕುಸಿಯುವುದರಿಂದ ಎತ್ತರದ ವಿಷಯದಲ್ಲಿ ಕಣ್ಣು ಮೋಸಹೋಗುತ್ತದೆ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನ ರನ್‌ವೇ ದಾಟಿ ಹೋಗಿ ಗುಡ್ಡದಂಚಿನಲ್ಲಿ ನಿಂತಿತು. ಅದರಲ್ಲಿ ರಾಜಕಾರಣಿ ವೀರಪ್ಪ ಮೊಯಿಲಿ ಅವರೂ ಇದ್ದರು. ಯಾರೂ ಸಾಯಲಿಲ್ಲ.

ಎರಡನೆಯ ರನ್‌ವೇಯ ಯೋಜನೆ ಬಂದಾಗ, ಸುರಕ್ಷತೆಗೆ ಬೇಕಾದಷ್ಟು ಜಾಗ ಇಲ್ಲಿಲ್ಲವೆಂದು ಸ್ಥಳೀಯರು ನ್ಯಾಯಾಲಯದ ಮೆಟ್ಟಿಲೇರಿದರು. ಅರ್ಜಿ ನಿಲ್ಲಲಿಲ್ಲ. 2006ರಲ್ಲಿ 8,033 ಅಡಿಯ ಕಾಂಕ್ರೀಟ್ ರನ್‌ವೇ ಸಿದ್ಧವಾಗಿ, ಅದೇ ವರ್ಷ ದುಬೈಗೆ ನೇರ ವಿಮಾನ ಶುರುವಾಯಿತು. ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯ ಮನೆಮನೆಯವರಿಗೆ ಅದು ದೊಡ್ಡ ಸಮಾಧಾನ.

2010ರ ಮೇ 22ರ ಬೆಳಗ್ಗೆ ಆರು ಗಂಟೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಇರಬೇಕಾದದ್ದಕ್ಕಿಂತ ತುಂಬ ಎತ್ತರದಲ್ಲಿತ್ತು. ಕ್ಯಾಪ್ಟನ್ ಹತ್ತು ಸಾವಿರ ಗಂಟೆಗೂ ಮಿಕ್ಕಿ ಹಾರಿಸಿದವರು. ಆದರೆ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆಹೋಗಿದ್ದರು. ಬಜ್ಪೆಯಲ್ಲಿ ವಿಮಾನ ಇಳಿಸುವ ಅಧಿಕಾರ ಕ್ಯಾಪ್ಟನ್‌ಗೆ ಮಾತ್ರ ಇತ್ತು. ಸಹ ಪೈಲಟ್ ಮೂರು ಬಾರಿ ‘ಗೋ ಅರೌಂಡ್’ ಎಂದರು: ಇಳಿಸಬೇಡಿ, ಮತ್ತೆ ಮೇಲೇರಿ ಎಂದು. ನೆಲ ಹತ್ತಿರವಾಗುತ್ತಿದೆ ಎಂದು ಯಂತ್ರವೂ ಎಚ್ಚರಿಸಿತು. ವಿಮಾನ ಕಣಿವೆಗೆ ಬಿದ್ದು ಉರಿಯಿತು. 166 ಜನರಲ್ಲಿ ಉಳಿದವರು ಎಂಟೇ ಮಂದಿ.

ಗುಡ್ಡದ ಮೇಲೆ ದೋಷ ಹೊರಿಸುವುದು ಸುಲಭ, ಆದರೆ ಅದು ಅರ್ಧ ಸತ್ಯ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣೆ, ಎಚ್ಚರಿಕೆಗಳನ್ನು ಮೀರಿ ಇಳಿಸಿದ್ದೇ ನೇರ ಕಾರಣವೆಂದಿತು. ವಿಮಾನ ನೆಲ ಮುಟ್ಟಿದಾಗಲೇ 5,200 ಅಡಿ ರನ್‌ವೇ ಕಳೆದಿತ್ತು. ಆಗಲಾದರೂ ಪೂರ್ತಿ ಬ್ರೇಕ್ ಹಿಡಿದು, ರಿವರ್ಸ್ ಥ್ರಸ್ಟ್ (ವೇಗ ತಗ್ಗಿಸಲು ಎಂಜಿನ್‌ನ ಹಿಮ್ಮುಖ ತಳ್ಳುವಿಕೆ) ಬಿಡದೆ ಇದ್ದಿದ್ದರೆ ಅದು 7,600 ಅಡಿಯೊಳಗೆ ನಿಲ್ಲುತ್ತಿತ್ತು ಎಂದು ಬೋಯಿಂಗ್ ಲೆಕ್ಕಹಾಕಿತು. ಕ್ಯಾಪ್ಟನ್ ಬ್ರೇಕ್ ಹಿಡಿದ ಮೇಲೆ ಮನಸ್ಸು ಬದಲಿಸಿ, ಮತ್ತೆ ಮೇಲೇರಲು ಯತ್ನಿಸಿದ್ದರು.