ಬೆಂಗಳೂರಿನ ಮನೆಮುಂದಿನ ಕೈತೋಟ

ಬೆಂಗಳೂರಿನ ಹಳೆಯ ಪೇಟೆಯ ಮನೆಗಳ ಮುಂದೆ ಸಾಮಾನ್ಯವಾಗಿ ತೋಟವಿರಲಿಲ್ಲ. ಜಗಲಿ ಇಳಿದರೆ ಬೀದಿ. ಬೆಳಕು, ಗಾಳಿ, ತುಳಸಿ ಎಲ್ಲವೂ ಒಳಗಿನ ತೊಟ್ಟಿಗೋ ಹಿತ್ತಲಿಗೋ ಸೇರಿದ್ದವು. 1809ರಲ್ಲಿ ಬ್ರಿಟಿಷರ ದಂಡು ನೆಲೆಗೊಂಡ ಬಳಿಕ ಬೇರೊಂದು ಮಾದರಿ ಕಾಣಿಸಿತು: ವಿಶಾಲ ಕಾಂಪೌಂಡು, ನಡುವೆ ಬಂಗಲೆ, ಎದುರಿಗೆ ಹುಲ್ಲುಹಾಸು, ಗುಲಾಬಿ ಪಾತಿ, ಸಾಲುಕುಂಡಗಳಲ್ಲಿ ಕ್ರೋಟನ್. ನೀರು ಹೊರುವ ಮಾಲಿಯಿಲ್ಲದೆ ಈ ಹಸಿರು ಬೇಸಗೆ ದಾಟುತ್ತಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಈ ಎರಡು ಪದ್ಧತಿಗಳು ಬೆರೆತದ್ದು ಬಸವನಗುಡಿ, ಮಲ್ಲೇಶ್ವರಗಳಲ್ಲಿ. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಅಪಾಯವನ್ನು ತೋರಿಸಿಕೊಟ್ಟಿತು. ಈ ಹೊಸ ಬಡಾವಣೆಗಳಲ್ಲಿ ಮನೆಯ ಸುತ್ತ ಬಯಲು ಬಿಡುವುದು ಆರೋಗ್ಯದ ಮಾತಾಯಿತು. ಆದರೆ ಆ ಬಯಲಿಗೆ ಬಂದದ್ದು ಬರಿಯ ಹುಲ್ಲಲ್ಲ. ಪೂಜೆಗೆ ದಾಸವಾಳ, ಪಾರಿಜಾತ, ಕಣಗಿಲೆ. ಗೇಟಿನ ಬಳಿ ಸಂಪಿಗೆ. ಅಡುಗೆಗೆ ಕರಿಬೇವು, ಮೂಲೆಯಲ್ಲೊಂದು ತೆಂಗು. ಬಂಗಲೆಯ ಚೌಕಟ್ಟಿಗೆ ಹಿತ್ತಲಿನ ಗಿಡಗಳು ಬಂದು ಕೂತವು ಎನ್ನಬಹುದು. ಹೊಸ ಗಿಡಗಳ ಆಸೆ ಹುಟ್ಟಿಸಿದ್ದು ಸಸ್ಯೋದ್ಯಾನವಾದ ಲಾಲ್‌ಬಾಗ್. ಅದರ ಮೇಲ್ವಿಚಾರಕ ಜಾನ್ ಕ್ಯಾಮರಾನ್, 1908ರಲ್ಲಿ ಅಲ್ಲಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಇವರ ಕಾಲದಲ್ಲಿ ಹೊರನಾಡಿನ ಹೂಮರಗಳು ಊರಿನ ಬೀದಿಗಳಿಗೂ ಹಬ್ಬಿದವು.

ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಿವೇಶನದ ಬೆಲೆ ಏರಿತು, ಕಾರು ಬಂತು. ಪಾತಿಗಳ ಮೇಲೆ ಸಿಮೆಂಟು, ಕಲ್ಲುಹಾಸು ಬಿದ್ದವು. ಹಲವು ಬಂಗಲೆಗಳು ಅಪಾರ್ಟ್‌ಮೆಂಟುಗಳಾದವು. ಗಿಡಗಳು ಕುಂಡಗಳಲ್ಲಿ ಬಾಲ್ಕನಿಗೆ, ತಾರಸಿಗೆ ಏರಿದವು. ಮಳೆನೀರು ಇಂಗುತ್ತಿದ್ದ ಮಣ್ಣು ಮುಚ್ಚಿಹೋದದ್ದರ ಪರಿಣಾಮ ಮಾತ್ರ ರಸ್ತೆಯ ಮೇಲೆ ಹರಿಯತೊಡಗಿತು.